ಚಿನ್ನದ ಮೀನಿಗೆ ಜೊತೆ ಯಾರು?

ಭಾನುವಾರ ಸಂಜೆ ಕಳವಾ, ಡೊಂಬಿವಲಿ, ಕಲ್ಯಾಣ್ ಕಡೆಯ ಯಾವ ಅಕ್ವೇರಿಯಂ ಅಂಗಡಿಯ ಮುಂದೆ ನಿಂತರೂ ಒಂದು ಪ್ರಶ್ನೆ ಕಿವಿಗೆ ಬೀಳುತ್ತದೆ: "ಮನೆಯಲ್ಲಿ ಗೋಲ್ಡ್ ಫಿಶ್ ಇದೆ, ಅದರ ಜೊತೆಗೆ ಇನ್ನೇನು ಬಿಡಬಹುದು?" ಕೇಳುವವರ ಕೈ ಹಿಡಿದ ಮಗು ಅಷ್ಟರಲ್ಲಿ ನೀಲಿ ದೀಪದಡಿ ಹೊಳೆಯುವ ಬೇರೊಂದು ಮೀನಿಗೆ ಬೆರಳು ತೋರಿಸಿ ಆಗಿರುತ್ತದೆ. ಗಿರಾಕಿಗಳ ಗಡಿಬಿಡಿಯಲ್ಲಿ ಬರುವ ಉತ್ತರ ಬಹುತೇಕ ಒಂದೇ: "ಸಬ್ ಚಲೇಗಾ." ಎರಡು ಗೋಲ್ಡ್ ಫಿಶ್, ಎರಡು ಏಂಜೆಲ್, ನಾಲ್ಕು ಟೈಗರ್ ಬಾರ್ಬ್, ಗಾಜಿನ ಪಾಚಿ ತಿನ್ನಲಿಕ್ಕೆಂದು ಒಂದು ಸಕ್ಕರ್. ಪ್ಲಾಸ್ಟಿಕ್ ಚೀಲಗಳಲ್ಲಿ ಆಟೋ ಹತ್ತಿ ಇವೆಲ್ಲ ಮನೆಗೆ ಬರುತ್ತವೆ. ತಿಂಗಳು ತುಂಬುವುದರೊಳಗೆ ಒಂದೊಂದಾಗಿ ಮೇಲೆ ತೇಲತೊಡಗಿದರೆ, "ನಮ್ಮ ಮನೆಗೆ ಮೀನು ಆಗಿಬರುವುದಿಲ್ಲ" ಎಂದು ಟ್ಯಾಂಕನ್ನು ಒಣಗಿಸಿ ಅಟ್ಟಕ್ಕೆ ಏರಿಸಿಬಿಡುತ್ತಾರೆ.

ಮೀನು ಆಗಿಬರದಿರಲು ಕಾರಣಗಳಿವೆ. ಅವು ನೀರಿನ ಶಾಖದಲ್ಲಿ, ಟ್ಯಾಂಕಿನ ಅಳತೆಯಲ್ಲಿ, ಮೀನಿನ ಬಾಯಿಯಲ್ಲಿ ಇವೆ. ಮೂರನ್ನೂ ಮನೆಯಲ್ಲೇ ಅಳೆದು ನೋಡಬಹುದು.

ಮೊದಲು ಗೋಲ್ಡ್ ಫಿಶ್ ಎಂದರೆ ಏನೆಂದು ತಿಳಿಯಬೇಕು. ಅದು ಗೆಂಡೆ ಮೀನಿನ ಕುಲದ್ದು. ಊಟದ ತಟ್ಟೆಗೆ ಬರುವ ಕಾಟ್ಲಾ, ರೋಹುಗಳ ಸಂಬಂಧಿ. ಚೀನಾದಲ್ಲಿ ಸಾವಿರ ವರ್ಷಕ್ಕೂ ಹಿಂದೆ, ಬೂದುಬಣ್ಣದ ಗೆಂಡೆಗಳ ನಡುವೆ ಆಗೊಮ್ಮೆ ಈಗೊಮ್ಮೆ ಕಾಣಿಸುತ್ತಿದ್ದ ಕೆಂಪು-ಹಳದಿ ಮರಿಗಳನ್ನು ಜನ ಆರಿಸಿ ಕೊಳಗಳಲ್ಲಿ ಬೆಳೆಸಿದರು. ಸಾಂಗ್ ರಾಜವಂಶದ ಕಾಲಕ್ಕೆ ಅದು ಅರಮನೆಯ ಶೋಕಿಯಾಗಿತ್ತು. ಮುಂದೆ ಜಪಾನಿಗೆ, 17ನೇ ಶತಮಾನದಲ್ಲಿ ಯುರೋಪಿಗೆ ಹೋಯಿತು. 1758ರಲ್ಲಿ ಲಿನೇಯಸ್ ಅದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟ. ಬಣ್ಣ, ಬಾಲ, ಕಣ್ಣು, ತಲೆಯ ಮೇಲಿನ ಗುಬುಟು ಎಲ್ಲವನ್ನೂ ಮನುಷ್ಯ ತಿದ್ದಿದ. ಹೊಟ್ಟೆ ಮಾತ್ರ ಗೆಂಡೆಯದೇ ಉಳಿಯಿತು. ಹೊಟ್ಟೆ ಎನ್ನುವುದೂ ತಪ್ಪೇ, ಏಕೆಂದರೆ ಗೋಲ್ಡ್ ಫಿಶ್‌ಗೆ ಜಠರವಿಲ್ಲ. ಗಂಟಲಲ್ಲಿರುವ ಹಲ್ಲಿನಲ್ಲಿ ಅರೆದದ್ದು ನೇರ ಕರುಳಿಗೆ ಇಳಿಯುತ್ತದೆ. ಹಾಗಾಗಿ ದಿನವಿಡೀ ತಳ ಕೆದಕುತ್ತ ತಿನ್ನುತ್ತದೆ, ದಿನವಿಡೀ ಹೊಲಸು ಮಾಡುತ್ತದೆ. ಬಾಯಿಗೆ ಹಿಡಿಸಿದ್ದೆಲ್ಲ ಅದಕ್ಕೆ ಆಹಾರವೇ.

ಆಯುಷ್ಯವೂ ಸಣ್ಣದಲ್ಲ. ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ 1956ರ ಜಾತ್ರೆಯೊಂದರಲ್ಲಿ ಬಹುಮಾನವಾಗಿ ಬಂದ ಟಿಶ್ ಎಂಬ ಗೋಲ್ಡ್ ಫಿಶ್ 1999ರವರೆಗೆ, 43 ವರ್ಷ ಬದುಕಿ ಗಿನ್ನೆಸ್ ದಾಖಲೆ ಸೇರಿತು. ಅಷ್ಟು ಇರಲಿ, ಹತ್ತು-ಹದಿನೈದು ವರ್ಷ ಬಾಳಬೇಕಾದ ಮೀನು ಆರು ತಿಂಗಳಲ್ಲಿ ಸತ್ತರೆ "ಮೀನೆಂದರೆ ಇಷ್ಟೇ" ಎಂದು ಸುಮ್ಮನಾಗುವುದು ಸರಿಯಲ್ಲ.

ಈಗ ಶಾಖದ ವಿಷಯ. ಗೋಲ್ಡ್ ಫಿಶ್ ಬಗ್ಗೆ ಇರುವ ಪುಸ್ತಕಗಳು ಹೆಚ್ಚಾಗಿ ಚಳಿ ದೇಶಗಳಲ್ಲಿ ಬರೆದಂಥವು. ಗೋಲ್ಡ್ ಫಿಶ್ ತಣ್ಣೀರಿನ ಮೀನು, ಅದಕ್ಕೆ 18ರಿಂದ 22 ಡಿಗ್ರಿ ಹಿತ. ಏಂಜೆಲ್, ಗೌರಾಮಿ, ಟೆಟ್ರಾಗಳಿಗೆ 24ರಿಂದ 28 ಬೇಕು. ಆದ್ದರಿಂದ ಇವೆರಡನ್ನು ಕೂಡಿಸಬಾರದು ಎಂದು ಅವು ಹೇಳುತ್ತವೆ. ಕಳವಾದಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಒಂದು ಕಡೆ ಖಾಡಿ, ಇನ್ನೊಂದು ಕಡೆ ಪಾರ್ಸಿಕ್ ಗುಡ್ಡ, ನಡುವೆ ಒತ್ತೊತ್ತಾಗಿ ಎದ್ದ ಕಟ್ಟಡಗಳು. ಏಪ್ರಿಲ್-ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್ ಸೆಕೆಯಲ್ಲಿ, ಹಾಲ್‌ನಲ್ಲಿಟ್ಟ ಟ್ಯಾಂಕಿನ ನೀರು ಹೀಟರ್ ಇಲ್ಲದೆಯೇ 30 ಡಿಗ್ರಿ ಮುಟ್ಟುತ್ತದೆ. ಏಂಜೆಲ್ ಮೀನಿಗೆ ಈ ಸೆಕೆ ಹೆಚ್ಚೇನೂ ಅಲ್ಲ, ಕಷ್ಟಕ್ಕೆ ಸಿಲುಕುವುದು ಗೋಲ್ಡ್ ಫಿಶ್. ಅಂದರೆ ಇಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: ಈಗಾಗಲೇ ಏದುಸಿರು ಬಿಡುತ್ತಿರುವ ಮೀನಿನ ನೀರಿಗೆ ಇನ್ನೊಂದು ಬಾಯಿ ಸೇರಿಸುವುದು ಎಷ್ಟು ಸರಿ?

ಏದುಸಿರು ಬರಿಯ ಮಾತಲ್ಲ. 20 ಡಿಗ್ರಿಯ ಸಿಹಿನೀರು ಲೀಟರಿಗೆ ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. 30 ಡಿಗ್ರಿಗೆ ಬಂದಾಗ ಅದು ಏಳೂವರೆಗೆ ಇಳಿಯುತ್ತದೆ. ಅದೇ ಹತ್ತು ಡಿಗ್ರಿ ಏರಿಕೆಗೆ ಮೀನಿನ ಮೈಯೊಳಗಿನ ಕೆಲಸ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಆಮ್ಲಜನಕದ ಬೇಡಿಕೆಯೂ ಹಾಗೆಯೇ. ಚಳಿಗಾಲದಲ್ಲಿ ಮಂಜುಗಟ್ಟಿದ ಕೊಳದಡಿ, ಆಮ್ಲಜನಕ ಮುಗಿದುಹೋದಾಗ, ಮೈಯಲ್ಲಿ ಸೇರುವ ಆಮ್ಲವನ್ನು ಆಲ್ಕೋಹಾಲ್ ಮಾಡಿ ಕಿವಿರಿನಿಂದ ಹೊರಹಾಕಿ ಬದುಕುವ ವಿದ್ಯೆ ಈ ಕುಲದ ಮೀನುಗಳಿಗೆ ಗೊತ್ತು. ಆ ವಿದ್ಯೆ ನಡೆಯುವುದು ತಣ್ಣೀರಿನಲ್ಲಿ. ಬಿಸಿನೀರಿನಲ್ಲಿ ಅದು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತ ನಿಲ್ಲುತ್ತದೆ. ಮನೆಯವರು ಅದನ್ನು ಹಸಿವೆಂದುಕೊಂಡು ಇನ್ನಷ್ಟು ಕಾಳು ಹಾಕುತ್ತಾರೆ.

ನಮ್ಮ ದೇಶದಲ್ಲೇ, ಚೆನ್ನೈನ ಕೊಳತ್ತೂರಿನಂಥ ಊರುಗಳ ತೊಟ್ಟಿಗಳಲ್ಲಿ ಹುಟ್ಟಿ ಬೆಳೆದ ಗೋಲ್ಡ್ ಫಿಶ್‌ಗಳು 30 ಡಿಗ್ರಿಗೂ ತಕ್ಕಮಟ್ಟಿಗೆ ಹೊಂದಿಕೊಳ್ಳುತ್ತವೆ ಎಂಬುದನ್ನೂ ಹೇಳಬೇಕು. ಸೆಕೆಯಿಂದಲೇ ಅವು ಸಾಯುವುದಿಲ್ಲ. ಸೆಕೆ, ಇಕ್ಕಟ್ಟು, ಹೊಲಸು ಮೂರೂ ಸೇರಿದಾಗ ಸಾಯುತ್ತವೆ. ಪಶ್ಚಿಮದ ಬಿಸಿಲು ಬೀಳುವ ಕಿಟಕಿಯಿಂದ ಟ್ಯಾಂಕನ್ನು ದೂರ ಸರಿಸುವುದು, ಏರ್ ಪಂಪನ್ನು ರಾತ್ರಿಯೂ ಓಡಿಸುವುದು, ಮೇಲಿನ ಮುಚ್ಚಳ ತೆಗೆದು ಬಲೆ ಹಾಕಿ ನೀರಿನ ಮೇಲೆ ಸಣ್ಣ ಫ್ಯಾನ್ ಗಾಳಿ ಬಿಡುವುದು, ಇಷ್ಟರಿಂದಲೇ ಒಂದೆರಡು ಡಿಗ್ರಿ ಇಳಿಯುತ್ತದೆ. ಕರೆಂಟ್ ಹೋದಾಗ ಬ್ಯಾಟರಿಯ ಏರ್ ಪಂಪ್ ಒಂದು ಇರಲಿ.

ಇಕ್ಕಟ್ಟಿನ ಲೆಕ್ಕ ಇನ್ನೂ ಸರಳ. ಅಂಗಡಿಯಲ್ಲಿ ಹೆಚ್ಚು ಮಾರಾಟವಾಗುವ ಎರಡಡಿ ಟ್ಯಾಂಕ್ 24 ಇಂಚು ಉದ್ದ, 12 ಇಂಚು ಅಗಲ, 15 ಇಂಚು ಎತ್ತರವಿದ್ದರೆ ಅಂಚಿನವರೆಗೆ ತುಂಬಿದರೂ 70 ಲೀಟರ್. ಜಲ್ಲಿಕಲ್ಲು, ಮೇಲೆ ಬಿಡುವ ಜಾಗ ಕಳೆದರೆ 60. ದುಂಡು ಮೈಯ ಗೋಲ್ಡ್ ಫಿಶ್ ಒಂದಕ್ಕೆ ಸುಮಾರು 75 ಲೀಟರ್, ಮುಂದಿನ ಪ್ರತಿಯೊಂದಕ್ಕೆ 40 ಲೀಟರ್ ಎಂಬುದು ಅನುಭವಿ ಸಾಕಣೆದಾರರ ಲೆಕ್ಕ. ಅಲ್ಲಿಗೆ ಎರಡಡಿ ಟ್ಯಾಂಕ್ ಒಂದು ಗೋಲ್ಡ್ ಫಿಶ್‌ಗೇ ಬಿಗಿ. ಒಳ್ಳೆಯ ಫಿಲ್ಟರ್ ಹಾಕಿ ವಾರ ವಾರ ನೀರು ಬದಲಿಸುವವರು ಚಿಕ್ಕವು ಎರಡನ್ನು ಇಟ್ಟಾರು. 36, 15, 18 ಇಂಚಿನ ಮೂರಡಿ ಟ್ಯಾಂಕಿನಲ್ಲಿ 159 ಲೀಟರ್ ಹಿಡಿಯುತ್ತದೆ, ಅಲ್ಲಿ ಮೂರು ಸುಖವಾಗಿರುತ್ತವೆ. ದುಂಡು ಬೋಗುಣಿಯ ಮಾತೇ ಬೇಡ. ಇಟಲಿಯ ಮೊಂಜಾ ನಗರ 2004ರಲ್ಲೇ ಬೋಗುಣಿಯಲ್ಲಿ ಮೀನು ಸಾಕುವುದನ್ನು ನಿಷೇಧಿಸಿತು, ಮರುವರ್ಷ ರೋಮ್ ಕೂಡ.

ಜಾಗಕ್ಕಿಂತ ಹೆಚ್ಚಾಗಿ ಕೊಲ್ಲುವುದು ಅಮೋನಿಯಾ. ಮೀನು ಹೊರಹಾಕುವ ಈ ವಿಷವನ್ನು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಅವು ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಟ್ಯಾಂಕ್ ಕೊಂಡ ದಿನವೇ ಎಂಟು ಮೀನು ತಂದರೆ ಬ್ಯಾಕ್ಟೀರಿಯಾಕ್ಕೆ ಮುಂಚೆ ಅಮೋನಿಯಾ ಗೆಲ್ಲುತ್ತದೆ. ನೀರು ಬಿಸಿಯಾದಷ್ಟೂ, ಕ್ಷಾರ ಹೆಚ್ಚಿದಷ್ಟೂ ಅಮೋನಿಯಾದ ವಿಷಪಾಲು ಏರುತ್ತದೆ. ನಲ್ಲಿಯ ನೀರು, ಅದು ಉಲ್ಹಾಸ್ ನದಿಯಿಂದ ಬರಲಿ, ನವಿಮುಂಬಯಿಗೆ ಬರುವ ಹಾಗೆ ಮೋರ್ಬೆ ಅಣೆಕಟ್ಟಿನಿಂದ ಬರಲಿ, ಕ್ಲೋರಿನ್ ಹಾಕಿದ್ದು. ಆ ಕ್ಲೋರಿನ್ ಈ ಬ್ಯಾಕ್ಟೀರಿಯಾವನ್ನೂ ಬಿಡುವುದಿಲ್ಲ. ಸ್ಪಂಜನ್ನು ನಲ್ಲಿಯಡಿ ಉಜ್ಜಿ ತೊಳೆಯುವ ಶುಚಿತ್ವದ ಗೃಹಿಣಿಯರು ಅರಿಯದೆಯೇ ಫಿಲ್ಟರನ್ನು ಸಾಯಿಸುತ್ತಾರೆ. ಟ್ಯಾಂಕಿನಿಂದ ತೆಗೆದ ನೀರಲ್ಲೇ ಅದನ್ನು ಹಿಂಡಿದರೆ ಸಾಕು. ಬೇಸಿಗೆಯಲ್ಲಿ ನೀರು ಬಂದ್ ಆದ ದಿನ ಟ್ಯಾಂಕರಿನ ಬೋರ್‌ವೆಲ್ ನೀರನ್ನು ಒಮ್ಮೆಲೇ ತುಂಬುವುದಕ್ಕಿಂತ, ಎರಡು ದಿನ ಕಾಳು ಹಾಕದೆ ಕಾಯುವುದು ಮೇಲು.

ಇಷ್ಟು ಗೊತ್ತಿದ್ದರೆ ಜೊತೆಗಾರರ ಆಯ್ಕೆ ಅರ್ಧ ಮುಗಿದಂತೆ. ಉಳಿದರ್ಧದಲ್ಲಿ ಎಲ್ಲಕ್ಕಿಂತ ಮೊದಲು ಹೊರಗಿಡಬೇಕಾದದ್ದು ಸಕ್ಕರ್.

"ಟ್ಯಾಂಕ್ ಸ್ವಚ್ಛ ಮಾಡುತ್ತದೆ" ಎಂಬ ಹೆಸರಲ್ಲಿ ಮಾರಾಟವಾಗುವ ಈ ದಕ್ಷಿಣ ಅಮೆರಿಕದ ಮೀನು ಮರಿಯಾಗಿದ್ದಾಗ ಬೆರಳುದ್ದ, ಬೆಳೆದರೆ ಒಂದಡಿ ದಾಟುತ್ತದೆ. ಪಾಚಿ ತಿನ್ನುವುದು ಚಿಕ್ಕಂದಿನಲ್ಲಿ. ದೊಡ್ಡದಾದ ಮೇಲೆ ಅದು ಸೋಮಾರಿ ಗೋಲ್ಡ್ ಫಿಶ್‌ನ ಮೈ ಹುಡುಕುತ್ತದೆ. ಗೋಲ್ಡ್ ಫಿಶ್‌ನ ಮೈ ತುಂಬ ದಪ್ಪ ಲೋಳೆ, ಅದು ನಿಧಾನಕ್ಕೆ ಈಜುವ ಮೀನು, ರಾತ್ರಿ ತಳದ ಹತ್ತಿರ ಅಲ್ಲಾಡದೆ ನಿಂತಿರುತ್ತದೆ. ದೀಪ ಆರಿಸಿ ಅರ್ಧ ಗಂಟೆಯ ಮೇಲೆ ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಸಕ್ಕರ್ ಅದರ ಪಕ್ಕೆಗೆ ಬಾಯಿ ಒತ್ತಿ ಅಂಟಿಕೊಂಡಿರುವುದು ಕಾಣಬಹುದು. ಗೋಲ್ಡ್ ಫಿಶ್ ಮೈ ಕೊಡವಿ ಒಂದಿಷ್ಟು ದೂರ ಹೋಗುತ್ತದೆ, ಸಕ್ಕರ್ ಮತ್ತೆ ಬರುತ್ತದೆ. ಬೆಳಿಗ್ಗೆ ನೋಡಿದರೆ ನಾಣ್ಯದಗಲ ಮಂಕು ಬಿಳಿ ಗುರುತು, ಕೆಲವು ಕಡೆ ಹುರುಪೆ ಕಿತ್ತು ಕೆಂಪಾದ ಜಾಗ. ಆ ಗಾಯಕ್ಕೆ ಬೂಷ್ಟು ಹತ್ತುತ್ತದೆ. "ಫಂಗಸ್ ರೋಗ" ಎಂದು ನೀಲಿ ಔಷಧಿ ಹಾಕುವವರು ಗಾಯ ಮಾಡಿದವನನ್ನು ಅದೇ ನೀರಲ್ಲಿ ಬಿಟ್ಟಿರುತ್ತಾರೆ.

ಗಾಜಿನ ಪಾಚಿಗೆ ಮನುಷ್ಯನ ಕೈ ಮತ್ತು ಒಂದು ಹೊಸ ಸ್ಪಂಜ್ ಸಾಕು.

ಸಕ್ಕರ್ ಬೇಡವೆಂದು ಕಾರಿಡೋರಾಸ್ ಎಂಬ ಪುಟ್ಟ ಬೆಕ್ಕುಮೀನು ತರುವುದೂ ಅಪಾಯವೇ. ಅದರ ರೆಕ್ಕೆಯಲ್ಲಿ ಮುಳ್ಳಿದೆ. ಗೋಲ್ಡ್ ಫಿಶ್ ಬಾಯಿಗೆ ಹಾಕಿಕೊಂಡಾಗ ಮುಳ್ಳು ಸೆಟೆದು ಗಂಟಲಲ್ಲಿ ಸಿಕ್ಕಿ ಎರಡೂ ಸಾಯುತ್ತವೆ. ನಿಯಾನ್ ಟೆಟ್ರಾ, ಗಪ್ಪಿಮರಿ, ಸೀಗಡಿ ಇವೆಲ್ಲ ಬಾಯಿಗೆ ಹಿಡಿಸುವ ಅಳತೆಯವು. ಬೆಳಿಗ್ಗೆ ಎಣಿಸಿದರೆ ಒಂದು ಕಡಿಮೆ. ಟೈಗರ್ ಬಾರ್ಬ್ ಉದ್ದ ಬಾಲ ಕಂಡರೆ ಕಚ್ಚದೆ ಬಿಡದು. ಏಂಜೆಲ್ ಮರಿಯಲ್ಲಿ ಸಾಧು, ಬೆಳೆದ ಮೇಲೆ ಜಾಗಕ್ಕೆ ಜಗಳವಾಡುತ್ತದೆ. ಆಸ್ಕರ್, ಫ್ಲವರ್‌ಹಾರ್ನ್‌ಗಳಿಗೆ ಗೋಲ್ಡ್ ಫಿಶ್ ಊಟ. ಬೆರಳುದ್ದದ "ಶಾರ್ಕ್" ಎಂದು ಮಾರುವ ಬೆಳ್ಳಿಬಣ್ಣದ ಮೀನು ಬಹಳ ಸಲ ಪಂಗಸಿಯಸ್ ಮರಿ. ಹೋಟೆಲಿನಲ್ಲಿ ಬಾಸಾ ಎಂದು ಬಡಿಸುವ, ಮೂರು-ನಾಲ್ಕು ಅಡಿ ಬೆಳೆಯುವ ಜಾತಿ. ಆಮೆಮರಿಯೂ ಬೇಡ, ಅದು ಬಾಲದಿಂದ ಶುರುಮಾಡುತ್ತದೆ. ಕೋಯಿ ಗೆಂಡೆ ಸ್ವಭಾವದಲ್ಲಿ ಒಳ್ಳೆಯ ನೆಂಟ, ಆದರೆ ಎರಡಡಿ ಬೆಳೆಯುವ ಮೀನಿಗೆ ಕೊಳ ಬೇಕು, ಫ್ಲ್ಯಾಟ್ ಅಲ್ಲ.

ಹಾಗಾದರೆ ಗೋಲ್ಡ್ ಫಿಶ್‌ಗೆ ಗೋಲ್ಡ್ ಫಿಶ್‌ನ್ನೇ ಜೊತೆ ಮಾಡಬೇಕು. ಅದು ಗುಂಪು ಇಷ್ಟಪಡುವ ಮೀನು, ಒಂಟಿಯಾಗಿಡುವುದೂ ಚೆಂದವಲ್ಲ. ಆದರೆ ಇಲ್ಲಿಯೂ ಒಂದು ಗೆರೆ ಎಳೆಯಬೇಕು, ಅಂಗಡಿಗಳಲ್ಲಿ ಬಹುಪಾಲು ಮರೆಯುವ ಗೆರೆ. ಕಾಮೆಟ್, ಶುಬಂಕಿನ್, ಸಾಮಾನ್ಯ ಗೋಲ್ಡ್ ಫಿಶ್ ಇವು ಉದ್ದ ಮೈಯ, ಒಂಟಿ ಬಾಲದ ಓಟಗಾರರು. ಒಂದಡಿಯ ಹತ್ತಿರ ಬೆಳೆಯುತ್ತವೆ. ಒರಾಂಡಾ, ರಾಂಚು, ರ್‍ಯುಕಿನ್, ಬ್ಲ್ಯಾಕ್ ಮೂರ್ ಇವು ದುಂಡು ಮೈಯ, ಜೋಡಿ ಬಾಲದವು. ಎರಡು ಬಗೆಯನ್ನೂ ಒಟ್ಟಿಗಿಟ್ಟು ಕಾಳು ಹಾಕಿ ಒಂದು ನಿಮಿಷ ನೋಡಿ. ಮೊದಲ ಕಾಳು ನೀರು ಮುಟ್ಟುವ ಮುಂಚೆಯೇ ಕಾಮೆಟ್ ಮೇಲೆ ಬಂದಿರುತ್ತದೆ, ತಿಂದು ಇನ್ನೊಂದು ಮೂಲೆಗೆ ಹೋಗಿ ಮತ್ತೆ ಬರುತ್ತದೆ. ಬೆನ್ನಿನ ರೆಕ್ಕೆಯೇ ಇಲ್ಲದ ರಾಂಚು ಇಡೀ ಮೈ ಅಲ್ಲಾಡಿಸಿ ಅರ್ಧ ಸುತ್ತು ತಿರುಗುವಷ್ಟರಲ್ಲಿ ಮೇಲೆ ಏನೂ ಉಳಿದಿರುವುದಿಲ್ಲ. ಬ್ಲ್ಯಾಕ್ ಮೂರ್‌ಗೆ ಉಬ್ಬುಗಣ್ಣಿದ್ದರೂ ದೃಷ್ಟಿ ಮಂದ. ಕಾಳು ಮೂಗಿನ ಮುಂದೆ ಬಂದರೂ ಹುಡುಕುತ್ತದೆ. ತಲೆಯ ಗುಬುಟು ಬೆಳೆದು ಕಣ್ಣು ಮುಚ್ಚಿದ ಒರಾಂಡಾದ್ದೂ ಅದೇ ಪಾಡು. ಜಗಳವಿಲ್ಲ, ಕಚ್ಚಾಟವಿಲ್ಲ, ಆದರೂ ವಾರ ಕಳೆದಂತೆ ಒಂದು ಕೊಬ್ಬುತ್ತದೆ, ಇನ್ನೊಂದು ಸೊರಗುತ್ತದೆ.

ಆದ್ದರಿಂದ ದುಂಡಿಗೆ ದುಂಡು, ಉದ್ದಕ್ಕೆ ಉದ್ದ. ಒರಾಂಡಾ ಮತ್ತು ರ್‍ಯುಕಿನ್ ಚೆನ್ನಾಗಿ ಕೂಡುತ್ತವೆ. ಬ್ಲ್ಯಾಕ್ ಮೂರ್‌ಗೆ ಬ್ಲ್ಯಾಕ್ ಮೂರೇ ವಾಸಿ. ಕಣ್ಣಿನ ಕೆಳಗೆ ನೀರಿನ ಚೀಲ ಹೊತ್ತ ಬಬಲ್ ಐ ತರುವವರು ಅದನ್ನು ಅದರಂಥದ್ದರ ಜೊತೆಗೆ, ಚೂಪು ಕಲ್ಲು-ಬೊಂಬೆಗಳಿಲ್ಲದ ಟ್ಯಾಂಕಿನಲ್ಲಿ ಇಡಬೇಕು. ಚೀಲ ಒಡೆದರೆ ಸೋಂಕು ತಗಲುತ್ತದೆ. ಗಾತ್ರದಲ್ಲೂ ಸರಿಸಮ ಇರಲಿ. ಇನ್ನೊಂದು ಮಾತು: ಗಂಡು ಗೋಲ್ಡ್ ಫಿಶ್‌ನ ಕಿವಿರಿನ ಮುಚ್ಚಳದ ಮೇಲೆ, ಎದೆಯ ರೆಕ್ಕೆಯ ಮುಂದಿನ ಅಂಚಿನಲ್ಲಿ ಸಾಲಾಗಿ ಬಿಳಿ ಚುಕ್ಕೆ ಮೂಡಿದರೆ ಅದು ರೋಗವಲ್ಲ, ಪ್ರಾಯದ ಗುರುತು. ಆಗ ಅದು ಹೆಣ್ಣನ್ನು ಟ್ಯಾಂಕಿನ ತುಂಬ ಅಟ್ಟಿಸಿಕೊಂಡು ಹೋಗುತ್ತದೆ. ಎರಡು ಗಂಡಿನ ನಡುವೆ ಒಂದೇ ಹೆಣ್ಣಿದ್ದರೆ ಅದಕ್ಕೆ ಬಿಡುವೇ ಸಿಗದು, ಕೆಲವು ದಿನ ಬೇರೆ ಇಡಬೇಕಾದೀತು.

ಬೇರೆ ಜಾತಿಯೇ ಬೇಕೆನ್ನುವವರಿಗೆ ಚಳಿ ದೇಶದ ಪುಸ್ತಕಗಳು ಸೂಚಿಸುವ ಮೀನು ವೈಟ್ ಕ್ಲೌಡ್ ಮಿನ್ನೋ. 1930ರ ದಶಕದಲ್ಲಿ ಚೀನಾದ ಗ್ವಾಂಗ್‌ಜೌ ಬಳಿಯ ಬೆಟ್ಟದ ತೊರೆಯಲ್ಲಿ ಟಾನ್ ಎಂಬ ಸ್ಕೌಟ್ ನಾಯಕ ಕಂಡುಹಿಡಿದ ಪುಟ್ಟ ಮೀನು ಅದು. ಬೆಟ್ಟದ ತಣ್ಣೀರಿನ ಆ ಜೀವಿಗೆ ಕಳವಾದ ಮೇ ತಿಂಗಳು ಗೋಲ್ಡ್ ಫಿಶ್‌ಗಿಂತ ಹೆಚ್ಚು ಕಷ್ಟ. ನಮ್ಮ ನಾಡಿನದೇ ಆದ ಜೀಬ್ರಾ ಡೇನಿಯೋ ಅದಕ್ಕಿಂತ ಗಟ್ಟಿ. ಫ್ರಾನ್ಸಿಸ್ ಹ್ಯಾಮಿಲ್ಟನ್ 1822ರಲ್ಲಿ ಗಂಗಾ ಸೀಮೆಯ ಮೀನುಗಳ ಜೊತೆಗೆ ವರ್ಣಿಸಿದ ಈ ಪಟ್ಟೆಯ ಮೀನು ಚಳಿ-ಸೆಕೆ ಎರಡನ್ನೂ ತಡೆಯುತ್ತದೆ, ಚುರುಕಾಗಿ ತಪ್ಪಿಸಿಕೊಳ್ಳುತ್ತದೆ. ಮೂರಡಿಗಿಂತ ದೊಡ್ಡ ಟ್ಯಾಂಕಿನಲ್ಲಿ, ಗೋಲ್ಡ್ ಫಿಶ್ ಇನ್ನೂ ಚಿಕ್ಕದಿರುವಾಗ, ಆರೆಂಟರ ಗುಂಪು ಬಿಡಬಹುದು. ಗೋಲ್ಡ್ ಫಿಶ್ ಅಂಗೈಯಗಲ ಬೆಳೆದ ಮೇಲೆ ಅವನ್ನು ಬೇರ್ಪಡಿಸಬೇಕು.

ಕಾಸರಗೋಡಿನ ನಂಟಿರುವ ಮುಂಬಯಿ ಕನ್ನಡಿಗರಿಗೆ ಇನ್ನೊಂದು ಮೀನು ಆಸೆ ಹುಟ್ಟಿಸೀತು: ಮಿಸ್ ಕೇರಳ. ಬೆಳ್ಳಿ ಮೈ, ಮೂತಿಯಿಂದ ಹೊರಟ ಕೆಂಪು ಗೆರೆ, ಕೆಳಗೆ ಕಪ್ಪು ಪಟ್ಟಿ. 1865ರಲ್ಲಿ ಫ್ರಾನ್ಸಿಸ್ ಡೇ ಮದ್ರಾಸ್ ಗವರ್ನರ್ ಡೆನಿಸನ್ ಹೆಸರಿಟ್ಟ ಈ ಮೀನು ಪಶ್ಚಿಮ ಘಟ್ಟದ ನದಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ, ಕಾಸರಗೋಡಿನ ಚಂದ್ರಗಿರಿ ಹೊಳೆ ಅದರ ನೆಲೆಗಳಲ್ಲೊಂದು. ಅಕ್ವೇರಿಯಂ ವ್ಯಾಪಾರಕ್ಕೆಂದು ಹಿಡಿದು ಹಿಡಿದು ಅದು ಅಳಿವಿನಂಚಿನ ಜಾತಿಗಳ ಅಂತಾರಾಷ್ಟ್ರೀಯ ಪಟ್ಟಿ ಸೇರಿದೆ. ಹರಿಯುವ ನೀರು, ಗುಂಪು, ನಾಲ್ಕಡಿಗೂ ಮಿಕ್ಕ ಟ್ಯಾಂಕ್ ಬೇಡುವ ಅದನ್ನು ಒರಾಂಡಾದ ಜೊತೆ ಬಿಟ್ಟರೆ ಊಟವನ್ನೆಲ್ಲ ಅದೇ ಮುಗಿಸುತ್ತದೆ. ಚಂದ್ರಗಿರಿಯ ಮೀನು ಚಂದ್ರಗಿರಿಯಲ್ಲೇ ಇರಲಿ.

ಜೊತೆಗಾರನನ್ನು ಆರಿಸಿದ ಮೇಲೂ ಅದೇ ದಿನ ಟ್ಯಾಂಕಿಗೆ ಇಳಿಸಬಾರದು. ಕುರ್ಲಾದ ಸಗಟು ಮಾರುಕಟ್ಟೆಯಿಂದ ಬಡಾವಣೆಯ ಅಂಗಡಿಗೆ ಬರುವಷ್ಟರಲ್ಲಿ ಮೀನು ಹಲವು ನೀರು ಕಂಡಿರುತ್ತದೆ. ಮೈಯಿಂದ ದಾರದ ಎಳೆಯಂತೆ ಜೋತುಬಿದ್ದ ಆಂಕರ್ ವರ್ಮ್, ಸಕ್ಕರೆ ಹರಳಿನಂಥ ಚುಕ್ಕೆಯ ಇಕ್ ರೋಗ ಕಣ್ಣಿಗೆ ಕಾಣುತ್ತವೆ. ಗೋಲ್ಡ್ ಫಿಶ್‌ಗಳನ್ನು ರಾಶಿ ರಾಶಿಯಾಗಿ ಕೊಲ್ಲುವ, ಭಾರತದಲ್ಲೂ ಪತ್ತೆಯಾಗಿರುವ ಹರ್ಪಿಸ್ ವೈರಸ್ ಕಾಣುವುದಿಲ್ಲ. ದೊಡ್ಡ ಪ್ಲಾಸ್ಟಿಕ್ ಟಬ್ಬು, ಒಂದು ಸ್ಪಂಜ್ ಫಿಲ್ಟರ್, ಮೂರು-ನಾಲ್ಕು ವಾರದ ಪ್ರತ್ಯೇಕ ವಾಸ. ಬಾತ್‌ರೂಮಿನ ಮೂಲೆಯಲ್ಲೂ ಇದು ನಡೆಯುತ್ತದೆ, ಫಿನಾಯಿಲ್ ಸಿಡಿಯದಂತೆ ನೋಡಿಕೊಂಡರೆ.

ಮೇ ರಜೆಯ ಮಾತೂ ಇಲ್ಲೇ ಬರಬೇಕು. ಠಾಣೆಯಲ್ಲಿ ಮತ್ಸ್ಯಗಂಧಾ ರೈಲು ಹತ್ತಿ ಉಡುಪಿ, ಮಂಗಳೂರಿಗೆ ಹೋಗುವ ಮನೆಗಳಲ್ಲಿ ಮೀನು ಪಕ್ಕದ ಮನೆಯವರ ಪಾಲಿಗೆ ಬರುತ್ತದೆ. ಅಕ್ಕರೆಯಿಂದ ಅವರು ಹಾಕುವ ಕಾಳೇ ವರ್ಷದ ಅತಿ ಬಿಸಿ ತಿಂಗಳಲ್ಲಿ ಅಮೋನಿಯಾವಾಗುತ್ತದೆ. ಎರಡು ಮೀನಿದ್ದರೆ ಹೇಗೋ ತಡೆಯುವ ಟ್ಯಾಂಕ್ ಎಂಟು ಮೀನಿದ್ದರೆ ತಡೆಯದು. ದೊಡ್ಡ ಗೋಲ್ಡ್ ಫಿಶ್ ನಾಲ್ಕೈದು ದಿನ ಉಪವಾಸವಿದ್ದರೆ ಏನೂ ಆಗದು. ಹೆಚ್ಚು ದಿನಕ್ಕೆ ಹೋಗುವವರು ದಿನಕ್ಕೊಂದು ಚಿಟಿಕೆಯ ಪೊಟ್ಟಣ ಕಟ್ಟಿ ತಾರೀಕು ಬರೆದಿಟ್ಟು, ಡಬ್ಬಿಯನ್ನು ಬೀರುವಿನಲ್ಲಿ ಇಡುವುದು ವಾಸಿ.

ತಪ್ಪು ಜೊತೆ ಆಗಲೇ ಮನೆಗೆ ಬಂದಿದ್ದರೆ ಠಾಣೆಯ ಮಾಸುಂದಾ ಕೆರೆಗೋ ಉಲ್ಹಾಸ್ ನದಿಗೋ ಬಿಟ್ಟು ಪುಣ್ಯ ಕಟ್ಟಿಕೊಳ್ಳಲು ಹೋಗಬಾರದು. ಹಾಗೆ ಹೊರಬಿದ್ದ ಸಕ್ಕರ್ ಇಂದು ಸೊಲ್ಲಾಪುರ ಸೀಮೆಯ ಉಜನಿ ಜಲಾಶಯದಲ್ಲಿ ಮೀನುಗಾರರ ಬಲೆ ಹರಿಯುತ್ತಿದೆ, ಪೂರ್ವ ಕೋಲ್ಕತ್ತದ ಜೌಗುಗಳಲ್ಲೂ ತುಂಬಿಕೊಂಡಿದೆ. ಗೋಲ್ಡ್ ಫಿಶ್ ಕೂಡ ಸಾಧುವಲ್ಲ. ಅಮೆರಿಕದ ಮಿನೆಸೋಟಾದ ಬರ್ನ್ಸ್‌ವಿಲ್ ನಗರದ ಕೆರೆಯಲ್ಲಿ 2021ರಲ್ಲಿ ಫುಟ್‌ಬಾಲಿನಷ್ಟು ದೊಡ್ಡ ಗೋಲ್ಡ್ ಫಿಶ್‌ಗಳು ಸಿಕ್ಕಿದವು. ಯಾರೋ ತಂದು ಬಿಟ್ಟ ಸಾಕುಮೀನುಗಳ ಸಂತಾನ ತಳ ಕೆದಕಿ ನೀರನ್ನು ಕೆಡಿಸಿತ್ತು. ಹಣ ಮರಳಿ ಕೊಡದಿದ್ದರೂ ಮೀನನ್ನು ಮರಳಿ ತೆಗೆದುಕೊಳ್ಳುವ ಅಂಗಡಿಗಳು ಕೇಳಿದರೆ ಸಿಗುತ್ತವೆ. ಮೊದಲು ಸಕ್ಕರ್, ಆಮೇಲೆ ಏಂಜೆಲ್, ಈ ಕ್ರಮದಲ್ಲಿ ಕಳಿಸಬಹುದು. ಟೈಗರ್ ಬಾರ್ಬ್‌ಗಳನ್ನು ಕಳಿಸಬೇಕಾಗಿಲ್ಲ. ಗೋಲ್ಡ್ ಫಿಶ್‌ಗಳು ಮೂರಡಿ ಟ್ಯಾಂಕಿಗೆ ಹೋದ ಮೇಲೆ ಹಳೆಯ ಎರಡಡಿ ಟ್ಯಾಂಕ್ ಆರೆಂಟು ಬಾರ್ಬ್‌ಗಳಿಗೆ ಸಾಕಾಗುತ್ತದೆ. ತಮ್ಮತಮ್ಮಲ್ಲೇ ಕಿತ್ತಾಡಿಕೊಂಡಿರಲು ಅಷ್ಟು ಸಂಖ್ಯೆ ಅವಕ್ಕೆ ಬೇಕು, ಮತ್ತು ಕಳವಾದ ಸೆಕೆ ಗೋಲ್ಡ್ ಫಿಶ್‌ಗೆ ಆಗುವಷ್ಟು ಅವಕ್ಕೆ ತೊಂದರೆಯಲ್ಲ.